ಎಳ್ಳಿಲ್ಲದ ಕುಸುರೆಳ್ಳು

ಕಾಕುವಿನ ಬಲಗೈಯ ಮೂರು ಬೆರಳುಗಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಸವೆದು ನುಣ್ಣಗಾಗಿ, ಹಳೆಯ ಲಟ್ಟಣಿಗೆಯ ಹಿಡಿಯಂತೆ ಮಿರುಗುತ್ತಿದ್ದವು. ಕುದಿಯುವ ಚಹಾದ ಲೋಟವನ್ನು ನಾವು ಸೆರಗಿನಲ್ಲಿ ಹಿಡಿದರೆ ಅವರು ಬರಿಗೈಯಲ್ಲಿ ಹಿಡಿಯುತ್ತಿದ್ದರು. “ನನಗ ಸಹಿ ಬರತದ ಅಂತ ಬಚಾವು. ಹೆಬ್ಬಟ್ಟಿನಾಕಿ ಆಗಿದ್ರ ಸರಕಾರದವರು ನಾ ಹುಟ್ಟೇ ಇಲ್ಲ ಅಂತಿದ್ರು,” ಎಂದು ತಮ್ಮ ಬೆರಳು ತಾವೇ ನೋಡಿಕೊಂಡು ನಗುತ್ತಿದ್ದರು.

ಆ ಬೆರಳುಗಳನ್ನು ಸವೆಸಿದ್ದು ಕುಸುರೆಳ್ಳು. ಎಳ್ಳಿನ ಕಾಳಿಗೆ ಸಕ್ಕರೆಪಾಕ ಕುಡಿಸಿ ಕುಡಿಸಿ ಮೈತುಂಬ ಮುಳ್ಳೆಬ್ಬಿಸುವ ಕೆಲಸ ಅದು. ಇದ್ದಿಲಿನ ಶೇಗಡಿಯ ಮೇಲೆ ಹಿತ್ತಾಳೆಯ ಅಗಲವಾದ ಪರಾತ, ಅದರಲ್ಲಿ ಒಂದು ಹಿಡಿ ಎಳ್ಳು. ಚಮಚದಿಂದ ಪಾಕದ ಹನಿ ಬಿಡಬೇಕು, ಬೆರಳ ತುದಿಯಿಂದ ತಿರುವಬೇಕು, ಒಣಗಿದ ಮೇಲೆ ಮತ್ತೆ ಹನಿ. ಒಂದು ಪರಾತಕ್ಕೆ ಮೂರು ನಾಲ್ಕು ದಿನ. ಆಮೇಲೆ ಆ ಕಾಳುಗಳನ್ನು ಒಂದೊಂದಾಗಿ ದಾರದಲ್ಲಿ ಗಂಟು ಹಾಕಿ ಸರ, ತೋಳಬಂದಿ, ಕಿರೀಟ ಮಾಡುತ್ತಿದ್ದರು. ನಮ್ಮ ಕಡೆಯವರಲ್ಲೂ ಮರಾಠಿಯವರಲ್ಲೂ ಮಗುವಿನ ಮೊದಲ ಸಂಕ್ರಮಣಕ್ಕೆ ಕರಿ ಅಂಗಿ ತೊಡಿಸಿ, ಈ ಬಿಳಿಯ ಆಭರಣ ಹಾಕಿ ಕೂಡಿಸಿ, ತಲೆಯ ಮೇಲಿಂದ ಬೋರೆಹಣ್ಣು, ಚುರುಮುರಿ, ಕಬ್ಬಿನ ತುಂಡು ಸುರಿಯುವ ಪದ್ಧತಿ ಇದೆ. ಮರಾಠಿ ಸೀಮೆಯಲ್ಲಿ ನಾವಿದ್ದ ಕೋಥರೂಡ ಬಡಾವಣೆಯಲ್ಲಿ ಯಾರ ಮನೆಯಲ್ಲಿ ಈ ಕಾರ್ಯವಿದ್ದರೂ ಆಭರಣ ಕಾಕುವಿನದೇ.

ನಮ್ಮ ಹೌಸಿಂಗ್ ಸೊಸೈಟಿಯ ತಳಮನೆಯಲ್ಲಿ ಅವರು ಒಬ್ಬರೇ ಇದ್ದರು. ಚಿಕ್ಕಮ್ಮ ಎಂಬ ಅರ್ಥದಲ್ಲಿ ಎಲ್ಲರೂ ಅವರನ್ನು ಕಾಕು ಎನ್ನುತ್ತಿದ್ದರು. ಬೆಳಗಾವಿಯವರು, ಗಂಡ ತೀರಿ ಬಹಳ ವರ್ಷಗಳಾಗಿದ್ದವು, ಮಕ್ಕಳಿಲ್ಲ ಎಂದೇ ನಾವೆಲ್ಲ ತಿಳಿದಿದ್ದೆವು. ನಾನು ಬಾಗಲಕೋಟೆಯಿಂದ ಮದುವೆಯಾಗಿ ಬಂದವಳು, ನಮ್ಮವರು ಪಿಂಪ್ರಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಗುಮಾಸ್ತರು. ಕನ್ನಡ ಆಡುವ ಹಿರಿಯರು ಕೆಳಗಡೆಯೇ ಇದ್ದಾರೆಂದು ತಿಳಿದಾಗ ನನಗೆ ತವರೇ ಸಿಕ್ಕಷ್ಟು ಖುಷಿಯಾಗಿತ್ತು. ಆ ಖುಷಿ ಮೊದಲ ಭೇಟಿಯಲ್ಲೇ ಇಳಿಯಿತು. ಹೊಸ ಸೀರೆ ಉಟ್ಟುಕೊಂಡು ಹೋಗಿದ್ದೆ. ಕಾಕು ಮೇಲಿಂದ ಕೆಳಗೆ ನೋಡಿ, “ಸೀರಿ ಚೊಲೊ ಅದ. ಬಣ್ಣ ನಿನಗ ಒಪ್ಪೂದಿಲ್ಲ,” ಎಂದರು.

ಅವರು ಹಾಗೇ. ಬಾಯಿ ತೆಗೆದರೆ ಖರೆ ಮಾತು. ಗಿರಾಕಿಗಳು ಬಂದರೆ, “ಈ ಸಲ ಥಂಡಿ ಸಾಲಿಲ್ಲ, ಮುಳ್ಳು ಎದ್ದಿಲ್ಲ. ಬ್ಯಾಡಂದ್ರ ಬಿಡ್ರಿ,” ಎಂದು ತಾವೇ ಹೇಳಿಬಿಡುತ್ತಿದ್ದರು. “ಇಷ್ಟು ಖರೆ ಮಾತಾಡಿದ್ರ ವ್ಯಾಪಾರ ಹೆಂಗ ಆಗಬೇಕು ಕಾಕು?” ಎಂದು ನಾನು ಕೇಳಿದರೆ, “ಸುಳ್ಳು ಹೇಳಿದ್ರ ಪಾಕ ಕೈ ಕೊಡತದ ತಂಗಿ,” ಎನ್ನುತ್ತಿದ್ದರು. ಇದನ್ನು ನೀವು ನೆನಪಿನಲ್ಲಿಡಬೇಕು. ನಾನೂ ಇದನ್ನೇ ನಂಬಿಕೊಂಡಿದ್ದೆ.

ತೊಂಬತ್ತರ ದಶಕದ ನಡುವೆ ನನ್ನ ಮಗಳು ಹುಟ್ಟಿದಳು. ಮೂರು ತಿಂಗಳಾಗುತ್ತಲೇ ಕೆನ್ನೆ ಒಡೆದು ನೀರಾಡಿತು, ಆಮೇಲೆ ಮೊಣಕೈ, ಮೊಣಕಾಲಿನ ಸಂದಿ. ನಮ್ಮಲ್ಲಿ ಇದಕ್ಕೆ ಇಸುಬು ಎನ್ನುತ್ತಾರೆ. ಕೂಸು ಕೆರೆದು ಕೆರೆದು ದುಪ್ಪಟಿಯ ಮೇಲೆ ರಕ್ತದ ಚುಕ್ಕೆ ಬೀಳುತ್ತಿದ್ದವು. ತವರಿನಿಂದ ಬಂದ ಎಳ್ಳೆಣ್ಣೆಯನ್ನು ಬಿಸಿ ಮಾಡಿ, ಒಡೆದ ಚರ್ಮ ಕೂಡಲಿ ಎಂದು ದಿನವೂ ತಿಕ್ಕಿದೆ. ಮಕ್ಕಳ ಡಾಕ್ಟರ್ ಬಾಯಿ (ಹೆಣ್ಣು ಡಾಕ್ಟರರನ್ನು ಇಲ್ಲಿ ಹಾಗೇ ಕರೆಯುತ್ತಾರೆ) ಒಂದು ಮುಲಾಮು ಬರೆದುಕೊಟ್ಟರು, ಅದನ್ನೂ ಹಚ್ಚಿದೆ. ಮುಲಾಮಿನಿಂದ ಆರುತ್ತಿತ್ತು, ಬಿಟ್ಟರೆ ಮತ್ತೆ ಬರುತ್ತಿತ್ತು.

ಮೊದಲ ಸಂಕ್ರಮಣ ಬಂತು. ಕಾಕು ಎಂಟು ದಿನ ಕೂತು ನನ್ನ ಮಗಳಿಗೆ ಆಭರಣ ಮಾಡಿದರು. ಎರಡೆಳೆಯ ಸರ, ಬಳೆ, ಹಣೆಗೆ ಬೈತಲೆಬೊಟ್ಟು, ಕಾಲಿಗೆ ಸಣ್ಣ ಗೆಜ್ಜೆ. ಅಂಥ ಮುಳ್ಳಿನ ಕಾಳು ಆ ವರ್ಷ ಯಾರಿಗೂ ಸಿಕ್ಕಿರಲಿಲ್ಲ. ಸಂಜೆ ನಾಲ್ಕಕ್ಕೆ ಸೊಸೈಟಿಯ ಹೆಂಗಸರೆಲ್ಲ ಸೇರಿದ್ದರು. ಕರಿ ಅಂಗಿಯ ಕೂಸು ಮಣೆಯ ಮೇಲೆ ಕೂತು ಸರದ ತುದಿಯನ್ನು ಬಾಯಿಗಿಟ್ಟು ಚೀಪುತ್ತಿತ್ತು, ನಾವೆಲ್ಲ ನಗುತ್ತಿದ್ದೆವು. ನಾನು ಬೋರೆಹಣ್ಣಿನ ಬುಟ್ಟಿ ಎತ್ತಿಕೊಂಡಿದ್ದೆ ಅಷ್ಟೆ.

“ನಿಂದ್ರು,” ಎಂದರು ಕಾಕು. ಎದ್ದು ಬಂದವರೇ ಕೂಸಿನ ಕೊರಳಿಗೆ ಕೈ ಹಾಕಿ ಸರವನ್ನು ಎಳೆದು ಹರಿದರು. ಬಳೆ, ಗೆಜ್ಜೆ, ಬೊಟ್ಟು ಎಲ್ಲವನ್ನೂ ಪಟಪಟನೆ ಹರಿದು ನೆಲಕ್ಕೆ ಎಸೆದರು. ಹೆಂಗಸರು ದಂಗಾಗಿ ನೋಡಿದರು. ನನಗೆ ಸಿಟ್ಟೇ ಬಂತು, ಹಬ್ಬದ ದಿನ ಕೂಸಿನ ಮೈಮೇಲಿನ ಆಭರಣ ಹರಿಯುವುದೆಂದರೇನು? ಆಮೇಲೆ ನೋಡಿದೆ. ಸರ ಇದ್ದಲ್ಲಿ ಸರದಷ್ಟೇ ಅಗಲ, ಬಳೆ ಇದ್ದಲ್ಲಿ ಬಳೆಯಷ್ಟೇ ಅಗಲ ಕೆಂಪು ದದ್ದು ಎದ್ದಿತ್ತು. ತುಟಿ ಬಾತು ದಪ್ಪಗಾಗುತ್ತಿತ್ತು. “ಬುಟ್ಟಿ ಇಡು. ರಿಕ್ಷಾ ಕರಿ. ಬಾಯಿ ತೊಳಿ ಮದಲ,” ಎಂದು ಕಾಕು ತಾವೇ ಕೂಸನ್ನು ಎತ್ತಿಕೊಂಡು ಮೆಟ್ಟಿಲು ಇಳಿದರು. ಡಾಕ್ಟರ್ ಬಾಯಿಯ ಇಂಜೆಕ್ಷನ್ನಿನಿಂದ ಕೂಸು ಚೇತರಿಸಿಕೊಂಡಿತು. ಇಳಿಹೊತ್ತಿನಲ್ಲಿ ಮನೆಗೆ ಬಂದಾಗ ಎಂಟು ದಿನದ ಕೆಲಸ ನೆಲದ ಮೇಲೆ ತುಳಿದು ಪುಡಿಯಾಗಿತ್ತು. ಕಾಕು ಕಸಬರಿಗೆ ತೆಗೆದುಕೊಂಡು ಗುಡಿಸಿದರು.

ಕೂಸಿಗೆ ಎಳ್ಳು ಆಗುವುದಿಲ್ಲ ಎಂದು ತಪಾಸಣೆಯಲ್ಲಿ ತಿಳಿಯಿತು. ಎಳ್ಳೆಣ್ಣೆಯೂ ಬಂದ್ ಆಯಿತು. ಮರುವರ್ಷ ಸಂಕ್ರಮಣದ ಮುಂಚೆ ಕಾಕು ನನ್ನನ್ನು ಕರೆದು ಹೊಸ ಪರಾತವೊಂದನ್ನು ತೋರಿಸಿದರು. ಅಂಚಿನ ತೂತಿಗೆ ಕೆಂಪು ದಾರ ಕಟ್ಟಿತ್ತು. “ಇದರಾಗ ಎಳ್ಳು ಬೀಳೂದಿಲ್ಲ. ಸಾಬೂದಾಣಿ ಮ್ಯಾಲ ಪಾಕಾ ಹಾಕತೀನಿ. ಚಮಚಾ ಬ್ಯಾರೆ, ಅರಿವಿ ಬ್ಯಾರೆ. ಮದಲ ಇದನ್ನ ಮುಗಸೇ ಆಮ್ಯಾಲ ಎಳ್ಳಿನ ಡಬ್ಬಿ ತಗೀತೀನಿ,” ಎಂದರು. ಸಾಬೂದಾಣಿ ಅಂದರೆ ಸಬ್ಬಕ್ಕಿ, ಅದರ ಕಾಳಿಗೆ ಪಾಕ ಅಷ್ಟು ಸುಲಭಕ್ಕೆ ಹತ್ತುವುದಿಲ್ಲ, ಎಳ್ಳಿಗಿಂತ ಎರಡು ಪಟ್ಟು ಕೆಲಸ. ಒಬ್ಬ ಹುಡುಗಿಗಾಗಿ ಅವರು ಪ್ರತಿ ಚಳಿಗಾಲದ ಮೊದಲ ವಾರವನ್ನು ಅದಕ್ಕೆ ಕೊಟ್ಟರು.

ಸಂಕ್ರಮಣದ ಸಂಜೆ ಸೊಸೈಟಿಯ ಮಕ್ಕಳು ಮನೆಮನೆಗೆ ಹೋಗಿ ಎಳ್ಳು ಕೊಟ್ಟು ಎಳ್ಳು ತಗೊಳ್ಳುತ್ತಾರೆ. ನಾನು ಮಗಳನ್ನು ಒಳಗೇ ಕೂಡಿಸಿ ಬಾಗಿಲು ಹಾಕಬೇಕೆಂದಿದ್ದೆ. ಕಾಕು ಒಪ್ಪಲಿಲ್ಲ. ಮಗಳ ಕೈಗೆ ಸಾಬೂದಾಣಿಯ ಕುಸುರೆಳ್ಳಿನ ಪುಟ್ಟ ಡಬ್ಬಿ ಕೊಟ್ಟು, “ಗುಬ್ಬಿ, ನೀ ಕೊಡಾಕಿ. ತಗೊಳ್ಳಾಕಿ ಅಲ್ಲ. ತಿಳೀತಿಲ್ಲೊ?” ಎಂದರು. ಗುಬ್ಬಿ ಎಂದು ಅವರು ಮಾತ್ರ ಕರೆಯುತ್ತಿದ್ದರು. ಮೂರು ವರ್ಷದ ನನ್ನ ಮಗಳು ಮನೆಮನೆಯ ಮುಂದೆ ನಿಂತು ಕೊಟ್ಟೇ ಕೊಟ್ಟಳು. ಯಾರಾದರೂ ಎಳ್ಳುಂಡೆ ಚಾಚಿದರೆ ಕೈ ಹಿಂದಕ್ಕೆ ಕಟ್ಟಿಕೊಂಡು, “ನಾನು ಕೊಡಾಕಿ,” ಎನ್ನುತ್ತಿದ್ದಳು.

ಮೂರೂವರೆಗೆ ಸೀನು ಶುರುವಾಯಿತು. ಬೆಳಗ್ಗೆ ಎದ್ದರೆ ಹತ್ತು ಹನ್ನೆರಡು ಸೀನು, ಮೂಗು ಸೋರುವುದು, ಕಣ್ಣು ಉಜ್ಜುವುದು. ಐದನೆಯ ವರ್ಷದ ಮಳೆಗಾಲದಲ್ಲಿ ಶಾಲೆಯಿಂದ ಕರೆ ಬಂತು. ಹೋಗಿ ನೋಡಿದರೆ ಮಗಳು ಟೀಚರ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತು, ಹೆಗಲು ಎತ್ತಿ ಎತ್ತಿ ಉಸಿರು ಎಳೆಯುತ್ತಿದ್ದಳು. ಎದೆಯಿಂದ ಸೊಂಯ್ ಎಂದು ಶಬ್ದ. ಡಾಕ್ಟರ್ ಬಾಯಿ ಉಬ್ಬಸ ಎಂದರು, ದಿನವೂ ಎರಡು ಹೊತ್ತು ಉಸಿರಿನ ಜೊತೆ ಔಷಧಿ ಒಳಗೆಳೆದುಕೊಳ್ಳಬೇಕೆಂದು ಪಂಪು, ಅಂದರೆ ಇನ್‌ಹೇಲರ್, ಬರೆದುಕೊಟ್ಟರು.

ಆಗ ಊರಿನಿಂದ ನಮ್ಮ ಅತ್ತೆ ಬಂದಿದ್ದರು. ಅವರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. “ಮೈಮ್ಯಾಲ ಹೊರಗ ಬರತಿದ್ದದ್ದನ್ನ ಮುಲಾಮು ಹಚ್ಚಿ ಹಚ್ಚಿ ಒಳಗ ದೂಡಿದಿ. ಈಗ ಎದಿಗಿ ಹೊಕ್ಕೇದ. ನಮ್ಮ ಮನೆತನದಾಗ ಯಾರಿಗೂ ಇಂಥಾದ್ದಿಲ್ಲ.” ಇಷ್ಟು ಹೇಳುವಷ್ಟರಲ್ಲಿ ಅವರು ನಾಲ್ಕು ಸಲ ಸೀನಿದರು. ದಿನಾ ಬೆಳಗ್ಗೆ ಅವರೂ ಅವರ ಮಗನೂ ಸೀನುವ ಸದ್ದಿಗೇ ನಾನು ಏಳುತ್ತಿದ್ದೆ. ಆದರೆ ಆಗ ಅದು ನನಗೆ ಹೊಳೆಯಲಿಲ್ಲ. ನನ್ನ ತಾಯಿಯೂ ಫೋನಿನಲ್ಲಿ ಅದನ್ನೇ ಅಂದಳು. ಓಣಿಯ ಔಷಧಿಯಂಗಡಿಯವನೂ ಅದನ್ನೇ ಅಂದ. ಲೆಕ್ಕ ಹಾಕಿದರೆ ಸರಿಯಾಗಿಯೇ ಕೂಡುತ್ತಿತ್ತು: ಚರ್ಮ ಆರುತ್ತ ಬಂದಂತೆ ಮೂಗು, ಮೂಗಿನ ಹಿಂದೆ ಎದೆ. ನಾನೇ ನನ್ನ ಕೈಯಾರೆ ಮಗಳ ರೋಗವನ್ನು ಒಳಗೆ ತಳ್ಳಿದ್ದೆ. ಮುಲಾಮು ಬಿಟ್ಟುಬಿಟ್ಟೆ. ಪಂಪಿನಿಂದ ಇನ್ನೇನು ಒಳಗೆ ಹೋಗುತ್ತದೋ ಎಂದು ಹೆದರಿ ಅದನ್ನು ಕಪಾಟಿನಲ್ಲಿಟ್ಟೆ. ಇಸುಬು ಮತ್ತೆ ಹೊರಗೆ ಬಂದರೆ ಎದೆ ಹಗುರಾಗುತ್ತದೆಂದು ಕಾದೆ. ಇಸುಬು ಬಂತು, ಎದೆ ಹಗುರಾಗಲಿಲ್ಲ. ಮೆಟ್ಟಿಲು ಹತ್ತಲು ಮಗಳು ಮೂರು ಸಲ ಕೂಡುತ್ತಿದ್ದಳು.

ಕಾಕು ಅವಳನ್ನು ಮೆಟ್ಟಿಲ ಮೇಲೆ ನೋಡಿದರು. ಮೇಲೆ ಬಂದು, “ಔಷಧ ಏನ ಕೊಡತಿ?” ಎಂದರು. ನಾನು ಅತ್ತುಕೊಂಡು ಎಲ್ಲ ಹೇಳಿದೆ. ಒಳಗೆ ದೂಡಿದೆ ಎಂಬ ಮಾತು ಬಂದಾಗ ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. “ನಾಳೆ ಡಾಕ್ಟರ್ ಬಾಯಿ ಕಡೆ ಹೋಗೂಣು. ನಾನೂ ಬರತೀನಿ,” ಎಂದರು.

ಡಾಕ್ಟರ್ ಬಾಯಿ ಬೈಯಲಿಲ್ಲ. ಮರಾಠಿಯಲ್ಲಿ ನಿಧಾನವಾಗಿ ತಿಳಿಸಿ ಹೇಳಿದರು. ಇವು ಬೇರೆ ಬೇರೆ ರೋಗಗಳಲ್ಲ, ಒಂದೇ ದೇಹಗುಣ. ಮನೆತನದಲ್ಲಿ ಬರುತ್ತದೆ, ಅಪ್ಪನಿಗೆ ಬರೀ ಸೀನಾದರೆ ಮಗುವಿಗೆ ಇನ್ನೇನೋ ಆಗಬಹುದು. ಎಳೆಗೂಸಿದ್ದಾಗ ಚರ್ಮದಲ್ಲಿ ಕಾಣುತ್ತದೆ, ಆಮೇಲೆ ಯಾವುದೋ ತಿನಿಸು ಒಗ್ಗದೆ ಹೋಗುತ್ತದೆ, ಬೆಳೆಯುತ್ತ ಮೂಗಿಗೆ, ಕೆಲವರಿಗೆ ಎದೆಗೆ. ಎಲ್ಲ ಮಕ್ಕಳೂ ಈ ದಾರಿ ಪೂರ್ತಿ ನಡೆಯುವುದಿಲ್ಲ. ಎಷ್ಟೋ ಮಕ್ಕಳಿಗೆ ಇಸುಬಿಗೇ ಮುಗಿಯುತ್ತದೆ. ಒಂದರ ಹಿಂದೆ ಒಂದು ಬರುತ್ತದೆಂದ ಮಾತ್ರಕ್ಕೆ ಮೊದಲನೆಯದನ್ನು ವಾಸಿ ಮಾಡಿದ್ದರಿಂದ ಎರಡನೆಯದು ಬಂತು ಎಂದಲ್ಲ. “ಅಂದ್ರ ವೇಷ ಬ್ಯಾರೆ, ಮನಷ್ಯಾ ಒಬ್ಬನ,” ಎಂದು ಕಾಕು ನನಗೆ ಕನ್ನಡದಲ್ಲಿ ಹೇಳಿದರು. ನಾನು ತಲೆಯಾಡಿಸಿದೆ, ಆದರೆ ನಂಬಲಿಲ್ಲ. ಮುಲಾಮು ಬರೆದವರು ಮುಲಾಮಿನ ಪರ ಮಾತಾಡದೆ ಇರುತ್ತಾರೆಯೇ?

ಆಗ ಕಾಕು ಮೇಜಿನ ಅಂಚು ಹಿಡಿದುಕೊಂಡು ಮರಾಠಿಯಲ್ಲಿ ಕೇಳಿದರು: “ಮುಲಾಮು ಹಚ್ಚದೆ ಬಿಟ್ಟಿದ್ದರೂ ಎದೆಗೆ ಬರುತ್ತಿತ್ತೇ?”

“ಬರುವುದಿದ್ದರೆ ಬರುತ್ತಿತ್ತು,” ಎಂದರು ಡಾಕ್ಟರ್ ಬಾಯಿ.

“ಹಾಗಾದರೆ ಹಚ್ಚಿದ ತಾಯಿಯದು ತಪ್ಪಿಲ್ಲ.”

“ಏನೂ ತಪ್ಪಿಲ್ಲ.”

“ಇನ್ನೊಮ್ಮೆ ಹೇಳಿ.”

ಡಾಕ್ಟರ್ ಬಾಯಿ ನನ್ನ ಕಡೆ ತಿರುಗಿ, ನನ್ನ ಕಣ್ಣಲ್ಲಿ ಕಣ್ಣಿಟ್ಟು ಇನ್ನೊಮ್ಮೆ ಹೇಳಿದರು. ಸಣ್ಣ ಮಗುವಿಗೆ ಪಾಠ ಹೇಳಿಸಿದಂತೆ ನನಗೆ ಹೇಳಿಸುತ್ತಿದ್ದಾರಲ್ಲ ಎಂದು ನನಗೆ ಕಾಕುವಿನ ಮೇಲೆ ಕಿರಿಕಿರಿಯಾಯಿತು.

ಹೊರಗೆ ಬಸ್ ಸ್ಟಾಪಿನಲ್ಲಿ ಕೂತೆವು. ಮಗಳು ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಎರಡು ಬಸ್ಸು ಬಂದು ಹೋದವು, ಕಾಕು ಏಳಲಿಲ್ಲ.

“ತಂಗಿ, ನನಗೊಬ್ಬ ಮಗ ಇದ್ದ,” ಎಂದರು. “ಅವಂಗೂ ಹಿಂಗ. ಕೂಸಿದ್ದಾಗ ಮೊಣಕಾಲ ಸಂದ್ಯಾಗ ಇಸಬು. ಆಮ್ಯಾಲ ಮುಂಜಾನೆದ್ದ ಕೂಡಲೇ ಸೀನು. ಆರಕ್ಕ ಬಿದ್ದ ಮ್ಯಾಲ ದಮ್ಮು.”

ನನ್ನ ತಲೆಯಲ್ಲಿದ್ದದ್ದು ಒಂದೇ ಪ್ರಶ್ನೆ. ನಾಚಿಕೆಬಿಟ್ಟು ಕೇಳಿದೆ: “ಇಸಬಿಗೆ ನೀವು ಏನ ಹಚ್ಚತಿದ್ರಿ ಕಾಕು?”

ಅವರು ತಮ್ಮ ಬೆರಳ ತುದಿಗಳನ್ನು ನೋಡಿಕೊಂಡರು. “ಏನೂ ಹಚ್ಚಲಿಲ್ಲ. ಒಂದ ಹನಿ ಎಣ್ಣಿ ಸೈತ ಹಚ್ಚಲಿಲ್ಲ. ಎಲ್ಲಾ ಹೊರಗ ಬರಲಿ ಅಂತ ಹಂಗ ಬಿಟ್ಟಿದ್ದೆ. ಕೂಸು ಕೆರಕೊಂಡ ಕೆರಕೊಂಡ ಅಳತಿತ್ತು. ಆದ್ರೂ ದಮ್ಮು ಬಂತು. ಒಂಬತ್ತು ತುಂಬೂದ್ರಾಗ ಹೋದ. ಆವಾಗ ಈ ಪಂಪು ನಮ್ಮಲ್ಲೆ ಯಾರಿಗೆ ಗೊತ್ತಿತ್ತು? ನಿನ್ನ ಮನ್ಯಾಗ ಅದ. ಕೂಸಿನ ಎದಿ ಸೊಂಯ್ ಅಂತದ, ಪಂಪು ಕಪಾಟಿನಾಗ ಕುಂತದ.”

ಡಾಕ್ಟರ್ ಹೇಳಿದ್ದನ್ನು ನಂಬದಿದ್ದವಳು ಅದನ್ನು ನಂಬಿದೆ. ನನ್ನ ಸೀರೆಯ ಬಣ್ಣದ ಬಗ್ಗೆ ಸುಳ್ಳು ಹೇಳದವರು ಸತ್ತ ಮಗನ ಬಗ್ಗೆ ಹೇಳುತ್ತಾರೆಯೇ? ಏನೂ ಹಚ್ಚದ ಕೂಸಿಗೂ ಬಂತೆಂದ ಮೇಲೆ ನಾನು ದೂಡಿದ್ದಲ್ಲ. ಮನೆಗೆ ಬಂದು, ಚಪ್ಪಲಿ ಕಳಚದೆ, ಕಪಾಟು ತೆರೆದು ಪಂಪು ತೆಗೆದೆ.

ಪವಾಡವೇನೂ ಆಗಲಿಲ್ಲ. ವಾರಗಳು ಹಿಡಿದವು. ಆದರೆ ದಸರೆಯ ಹೊತ್ತಿಗೆ ಮಗಳು ನಡುವೆ ಎಲ್ಲೂ ಕೂಡದೆ ಮೆಟ್ಟಿಲು ಹತ್ತಿದಳು, ದೀಪಾವಳಿಯ ಹೊತ್ತಿಗೆ ಓಡಿ ಹತ್ತಿದಳು. ಚರ್ಮಕ್ಕೂ ಮುಲಾಮು ಮತ್ತೆ ಶುರುವಾಯಿತು. ಮಗಳಿಗೆ ಹೊಗೆ ಆಗುವುದಿಲ್ಲವೆಂದು ಕಾಕು ತಮ್ಮ ಶೇಗಡಿಯನ್ನು ಹಿಂದಿನ ಕಾಂಪೌಂಡಿನ ಮೂಲೆಗೆ ಸಾಗಿಸಿ, ಚಳಿಯಲ್ಲಿ ಶಾಲು ಹೊದ್ದು ಅಲ್ಲೇ ಕೂಡತೊಡಗಿದರು. “ಥಂಡ್ಯಾಗ ಮುಳ್ಳು ಚೊಲೊ ಏಳತಾವ,” ಎಂದು ನೆವ ಹೇಳುತ್ತಿದ್ದರು.

ಕೆಲವು ವರ್ಷಗಳ ಮೇಲೆ ಡಾಕ್ಟರ್ ಬಾಯಿ ಮಾತಿಗೆ ಮಾತು ಬಂದು, ಒಡೆದ ಚರ್ಮದ ಮೇಲೆ ಬಿದ್ದ ತಿನಿಸಿನ ಅಂಶ ಒಳಗೆ ಹೋಗಿ ಮುಂದೆ ಆ ತಿನಿಸೇ ಒಗ್ಗದಂತಾಗಬಹುದು ಎಂದು ಈಗ ಕೆಲವರು ಹೇಳುತ್ತಿದ್ದಾರೆ, ಅದಕ್ಕೇ ಚರ್ಮ ಬೇಗ ಆರಿಸುವುದೇ ಒಳ್ಳೆಯದು ಎಂದರು. ನನಗೆ ತಟ್ಟನೆ ತವರಿನ ಎಳ್ಳೆಣ್ಣೆ ನೆನಪಾಯಿತು. ಓಡಿ ಹೋಗಿ ಕಾಕುವಿನ ಮುಂದೆ ಕೂತು ಹೇಳಿಕೊಂಡೆ. “ಎಣ್ಣಿ ತಿಕ್ಕಲಾರದ ತಾಯಿ ಯಾರದಾರ ತೋರಸು? ಒಂದು ಮುಗೀತು ಅಂದ್ರ ಇನ್ನೊಂದು ಸುರು ಮಾಡಬ್ಯಾಡ,” ಎಂದು ಗದರಿ ಚಹಾ ಕೊಟ್ಟರು. ಆ ಮಾತಿಗೂ ನಾನು ಅವರಿಗೆ ಋಣಿ. ಇಲ್ಲದಿದ್ದರೆ ಇನ್ನೊಂದು ಹತ್ತು ವರ್ಷ ಅದನ್ನೇ ಜಗಿಯುತ್ತಿದ್ದೆ.

ಮಗಳಿಗೆ ಹನ್ನೊಂದಾದ ವರ್ಷ ಕಾಕು ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಅಡ್ಡಾದವರು ಏಳಲಿಲ್ಲ. ಬೆಳಗಾವಿಯಿಂದ ಅವರ ತಂಗಿ ಬಂದು ಎಲ್ಲ ಕಾರ್ಯ ಮಾಡಿಸಿದರು. ಹದಿಮೂರನೆಯ ದಿನ ಊಟವಾದ ಮೇಲೆ ಆ ತಂಗಿ ಕೆಂಪು ದಾರದ ಪರಾತವನ್ನು ತಂದು ನನ್ನ ಮುಂದಿಟ್ಟರು. “ಗುಬ್ಬಿ ತಾಯಿ ನೀನೇ ಹೌದಲ್ಲೊ? ಇದು ನಿಮ್ದಂತ. ಹೋದ ವರ್ಷನ ಹೇಳಿಟ್ಟಿದ್ಲು.”

ನಾನು ಕಣ್ಣೊರೆಸಿಕೊಂಡು, ಅವರು ನನಗೆ ಮಾಡಿದ ಉಪಕಾರ ಹೇಳತೊಡಗಿದೆ. ಮಗನ ಸಂಗತಿ ಹೇಳಿ ನನ್ನ ಹೆದರಿಕೆ ಬಿಡಿಸಿದ್ದು, ಏನೂ ಹಚ್ಚದೇ ಇದ್ದರೂ ಅವನಿಗೆ ದಮ್ಮು ಬಂದದ್ದು.

“ಏನೂ ಹಚ್ಚಿದ್ದಿಲ್ಲಂತ?” ತಂಗಿ ನನ್ನನ್ನು ನೋಡಿದರು. “ಯಾರ ಹೇಳಿದ್ರು? ಬೆಳಗಾವ್ಯಾಗ ಸಿಕ್ಕ ಮುಲಾಮೆಲ್ಲಾ ಹಚ್ಯಾಳ ನಮ್ಮಕ್ಕ. ಡಾಕ್ಟರಂದ್ರ ಡಾಕ್ಟರು, ವೈದ್ಯರಂದ್ರ ವೈದ್ಯರು. ಕೂಸು ಹೋದ ಮ್ಯಾಲ ಗಂಡನ ಮನಿಯವರು ನೀನ ಒಳಗ ದೂಡಿ ಕೊಂದಿ ಅಂದ್ರು. ಅವತ್ತಿಂದ ಮಗನ ಹೆಸರು ತಗದಿದ್ದಿಲ್ಲ. ಮೂವತ್ತು ವರ್ಷ.” ಅವರು ಸೆರಗಿನಿಂದ ಪರಾತದ ಅಂಚು ಒರೆಸಿದರು. “ನಿನ್ನ ಮಗಳನ್ನ ಕರಕೊಂಡು ಡಾಕ್ಟರ ಕಡೆ ಹೋಗಿ ಬಂದ ದಿನ ನನಗ ಫೋನ್ ಮಾಡಿ ಅತ್ಲು. ನಾ ದೂಡಿದ್ದಿಲ್ಲಂತ ತಂಗಿ, ನಾ ದೂಡಿದ್ದಿಲ್ಲಂತ, ಅದನ್ನ ಅಂದ್ಲು.”

ಮೇಜಿನ ಅಂಚು ಹಿಡಿದಿದ್ದ ಆ ಕೈ ನನಗೆ ನೆನಪಾಯಿತು. ಇನ್ನೊಮ್ಮೆ ಹೇಳಿ ಎಂದು ಅವರು ಹೇಳಿಸಿದ್ದು ನನಗಾಗಿ ಎಂದುಕೊಂಡು ನಾನು ಸಿಟ್ಟಾಗಿದ್ದೆ. ಡಾಕ್ಟರ್ ಬಾಯಿ ತಪ್ಪು ತಾಯಿಯ ಮುಖ ನೋಡಿ ಉತ್ತರ ಕೊಟ್ಟಿದ್ದರು. ಮೂವತ್ತು ವರ್ಷ ತಡವಾಗಿ ತಮಗೆ ಸಿಕ್ಕ ಸಮಾಧಾನವನ್ನು ಕಾಕು ಒಂದು ಗಳಿಗೆಯೂ ತಮ್ಮಲ್ಲಿಟ್ಟುಕೊಳ್ಳದೆ, ಬಸ್ ಸ್ಟಾಪಿನಲ್ಲೇ, ನನಗೆ ಹಿಡಿಸುವಂಥ ಸುಳ್ಳು ಮಾಡಿ ಕೊಟ್ಟುಬಿಟ್ಟಿದ್ದರು.

ಮರುವರ್ಷದ ಚಳಿಗಾಲದಲ್ಲಿ ಮೇಲಿನ ಮನೆಗೆ ಬಂದ ಕಲಬುರಗಿ ಕಡೆಯ ಹುಡುಗಿಯೊಬ್ಬಳು ತನ್ನ ಎಂಟು ತಿಂಗಳ ಕೂಸನ್ನು ಎತ್ತಿಕೊಂಡು ನಮ್ಮ ಬಾಗಿಲಿಗೆ ಬಂದಳು. ಕೂಸಿನ ಕೆನ್ನೆ ಒಡೆದು ನೀರಾಡುತ್ತಿತ್ತು. “ಅಕ್ಕಾ, ನಿಮ್ಮ ಮಗಳಿಗೂ ಹಿಂಗ ಇತ್ತಂತಲ್ರಿ. ಮುಲಾಮು ಹಚ್ಚಿದ್ರ ಒಳಗ ಹೊಕ್ಕೊಂತದ ಅಂತಾರ. ನೀವು ಹಚ್ಚಿದ್ರೇನ್ರಿ?”

ಕಾಕು ನನಗೆ ಖರೆ ಹೇಳಿದ್ದರೆ ನಾನು ಹೆದರಿ ಸಾಯುತ್ತಿದ್ದೆ. ಹಚ್ಚಿದ್ದೆ ಎಂದು ಹೇಳಿ ತೋರಿಸಲು ಅವರ ಬಳಿ ಮಗ ಇರಲಿಲ್ಲ. ನನಗೆ ಆ ಕಷ್ಟವಿಲ್ಲ.

“ಹಚ್ಚೀನಿ. ನಡುವ ಬಿಟ್ಟಿದ್ದೆ, ಅದ ತಪ್ಪಾತು,” ಎಂದು ಹೇಳಿ ಮಗಳನ್ನು ಕರೆದೆ. ಅವಳು ಒಳಗೆ ಗ್ಯಾಸಿನ ಸಣ್ಣ ಉರಿಯ ಮೇಲೆ ಕೆಂಪು ದಾರದ ಪರಾತ ಇಟ್ಟುಕೊಂಡು ಸಾಬೂದಾಣಿಗೆ ಪಾಕ ಬಿಡುತ್ತಿದ್ದಳು. ಎದ್ದು ಬಂದಳು. “ಈ ಅಕ್ಕಾಗ ನಿನ್ನ ಮೊಣಕೈ ತೋರಸು,” ಎಂದೆ.

ಮಗಳು ಎರಡೂ ತೋಳು ಚಾಚಿ ನಿಂತಳು. ಆ ಹುಡುಗಿ ಬಾಗಿ ಮೊಣಕೈಯ ಸಂದಿಯನ್ನು ಬಹಳ ಹೊತ್ತು ನೋಡಿದಳು. ಅಲ್ಲಿ ಕಲೆ ಸಹ ಉಳಿದಿರಲಿಲ್ಲ. ನಾನು ಮಗಳ ಬೆರಳುಗಳನ್ನು ನೋಡುತ್ತಿದ್ದೆ. ಮೂರು ಬೆರಳ ತುದಿ ಸುಟ್ಟು ಕೆಂಪಗಾಗಿತ್ತು.